ಸಾಬಾತೊನ ಖಾಲಿ ಗೂಡು

ನವೆಂಬರ್ ಮೂರರ ಬೆಳಿಗ್ಗೆ ಇಟಲಿಯ ಕಾಪುವಾ ಸಮೀಪದ ತೋರ್ರೆ ಮಿನಾರ್ದಾ ಠಾಣೆಗೆ ದೂರು ಬಂತು. ಊರ ನೆಲದಡಿಯ, ರೋಮನ್ನರ ಕಾಲದ ಮಿಥ್ರಾಸ್ ದೇವರ ಗುಡಿಯಿಂದ ಅಮೃತಶಿಲೆಯ ತಲೆಯೊಂದು ಕಳುವಾಗಿತ್ತು. ಗೂಳಿ ಕೊಲ್ಲುವ ದೇವರ ಪಕ್ಕದಲ್ಲಿ ಪಂಜು ತಗ್ಗಿಸಿ ನಿಂತ ಹುಡುಗನ ತಲೆ ಅದು. ಮುಂದಿನ ವಾರ ಅದು ರೋಮಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿತ್ತು.

ಇನ್‌ಸ್ಪೆಕ್ಟರ್ ಸ್ಕರಾನೊ ಎಫ್‌ಐಆರ್ ದಾಖಲಿಸಿ ಪೇದೆ ಪಿನ್ನಾನೊಂದಿಗೆ ಗುಡಿಗೆ ಇಳಿದ. ಬೀಗ ಮುರಿದಿರಲಿಲ್ಲ. ಪಂಚನಾಮೆಗೆ ಸಿಕ್ಕಿದ್ದು ಕಲ್ಲುಕಟ್ಟೆಯ ಕೆಳಗಿನ ಒಂದು ತುಂಡು ಹತ್ತಿ ಮಾತ್ರ. ಸ್ಪಿರಿಟ್ ವಾಸನೆ, ಕೆಂಪು ಕಲೆ.

"ರಕ್ತಾನಾ ಸಾರ್?" ಪಿನ್ನಾ ಕೇಳಿದ.

"ಬಣ್ಣ," ಎಂದಳು ಗುಡಿಯ ಉಸ್ತುವಾರಿ ಎಲೆಟ್ರಾ. "ಆ ಹುಡುಗನ ತುಟಿ ಮೇಲೆ ರೋಮನ್ನರು ಹಚ್ಚಿದ ಬಣ್ಣ ಇನ್ನೂ ಉಳಿದಿತ್ತು. ಯಾವ ಪಾಪಿ ಒರೆಸಿಬಿಟ್ನೋ!"

"ಹಳೇ ಸಾಮಾನು ಮಾರೋ ಕಳ್ಳರು ಸಾರ್."

"ಮಾರೋನು ಮಾಲು ಕೆಡಿಸ್ತಾನೇನಯ್ಯಾ? ತಲೆ ಇರೋದು ಟೋಪಿ ಹಾಕೋಕಷ್ಟೇನಾ?"

ಬೈದವನೇ ಸ್ಕರಾನೊ ಹತ್ತಿಯನ್ನು ಮತ್ತೊಮ್ಮೆ ಮೂಸಿದ. ಆ ವಾಸನೆ ಅವನಿಗೆ ಗೊತ್ತು. ಈ ಸೀಮೆಯಲ್ಲಿ ಹೂತವರನ್ನು ಕೆಲವು ವರ್ಷ ಬಿಟ್ಟು ಹೊರತೆಗೆಯುತ್ತಾರೆ. ಮನೆಯವರೇ ಮೂಳೆಗಳನ್ನು ಸ್ಪಿರಿಟ್‌ನಿಂದ ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಸ್ಮಶಾನದ ಗೋಡೆಗೂಡಿನಲ್ಲಿಡುತ್ತಾರೆ. ಅಪ್ಪನ ಮೂಳೆಗಳನ್ನು ಅವನೂ ಹಾಗೆಯೇ ಒರೆಸಿದ್ದ.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ಕಸ ಗುಡಿಸೋ ರೆಸ್ತಿತೂತಮ್ಮನ ಹತ್ರ ಒಂದು."

ಸ್ಕರಾನೊ ನೇರ ಸ್ಮಶಾನಕ್ಕೆ ಹೋದ. ಕಾವಲುಗಾರ ಚೀರೊ ಹಿಂಜರಿಯುತ್ತಲೇ ಬಾಯಿಬಿಟ್ಟ.

"ಮೊನ್ನೆ ರೆಸ್ತಿತೂತಮ್ಮ ಪೆಟ್ಟಿಗೆ ತಂದ್ಲು ಸಾಹೇಬ್ರೆ. ಮಗನಿಗೆ ಅಂತ ಕಾದಿರಿಸಿದ್ದ ಖಾಲಿ ಗೂಡಲ್ಲಿ ಇಟ್ಟು ಮುಚ್ಚಿಸಿದ್ಲು."

"ಅವಳ ಮಗ ಸಾಬಾತೊ ಮೀನು ಹಿಡಿಯೋಕೆ ಹೋಗಿ ಮುಳುಗಿದ್ದಲ್ವಾ? ಹೆಣ ಸಿಕ್ಕಿರ್ಲಿಲ್ಲ."

"ಸಿಕ್ಕಿದ ಅಂದ್ಲು."

"ನೀನು ಪರವಾನಗಿ ಕೇಳ್ಲಿಲ್ವಾ?"

"ಹೆತ್ತವಳನ್ನ ಹೆಂಗೆ ಕೇಳ್ಲಿ ಸಾಹೇಬ್ರೆ?"

ಪಿನ್ನಾ ಎಲೆಟ್ರಾಳನ್ನೂ ರೆಸ್ತಿತೂತಮ್ಮನನ್ನೂ ಅಲ್ಲಿಗೆ ಕರೆತಂದ. ರೆಸ್ತಿತೂತಮ್ಮ ಏನನ್ನೂ ಮುಚ್ಚಿಡಲಿಲ್ಲ.

"ಬಾವಿ ತೋಡುವಾಗ ಆ ತಲೆ ಸಿಕ್ಕಿದ್ದು ನನ್ನ ಮಗನ ಕೈಗೇ. ಮಣ್ಣು ಒರೆಸಿ, 'ನೋಡವ್ವಾ, ನನ್ನ ವಯಸ್ಸಿನವನೇ' ಅಂದ. ಆಮೇಲೆ ಸಮುದ್ರ ಅವನನ್ನ ನುಂಗ್ತು. ಓಣಿಯೋರೆಲ್ಲ ಅವರವರ ಮಕ್ಕಳನ್ನ ಒರೆಸಿ ಗೂಡಿಗೆ ಸೇರಿಸಿದ್ರು. ನಾನು ಸ್ಪಿರಿಟ್ ಬೋಗುಣಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ದೆ. ಈಗ ಇವನನ್ನೂ ರೋಮಿಗೆ ಒಯ್ತಾರಂತೆ."

"ಬಣ್ಣ ಯಾಕಮ್ಮಾ ಒರೆಸಿದೆ?"

"ಬಣ್ಣಾನಾ ಅದು?" ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಬಾಯಲ್ಲಿ ರಕ್ತ ಇಟ್ಕೊಂಡು ಮಲಗೋದು ಬೇಡ ಅಂತ ಒರೆಸ್ದೆ ಕಣಪ್ಪಾ."

ಚೀರೊ ಚಪ್ಪಡಿ ಕಿತ್ತ. ಪೆಟ್ಟಿಗೆಯೊಳಗೆ, ನೀಟಾಗಿ ಸುತ್ತಿದ ಬಿಳಿ ಬಟ್ಟೆಯಲ್ಲಿ, ಆ ತಲೆ ಇತ್ತು. ತುಟಿ ಬೆಳ್ಳಗಾಗಿತ್ತು. ಅದನ್ನು ಕಂಡು ಎಲೆಟ್ರಾ ಗೋಡೆಯ ಕಡೆ ತಿರುಗಿ ಅತ್ತಳು. ರೆಸ್ತಿತೂತಮ್ಮ ಹೋಗಿ ಅವಳ ಬೆನ್ನು ಸವರಿದಳು.

"ಬಟ್ಟೆನಾದ್ರೂ ಬಿಟ್ಟುಬಿಡಿ ಸಾಹೇಬ್ರೆ. ನನ್ನ ಮಗನ ಅಂಗಿ ಅದು."

"ಅದೂ ಸಾಕ್ಷಿ ಕಣಮ್ಮಾ." ಸ್ಕರಾನೊ ಅಂಗಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ.

ಹನ್ನೆರಡೂವರೆಗೆ ದಸ್ತಗಿರಿಯಾಯಿತು. ಕೋಳ ತೊಡಿಸಲು ಅವನಿಗೆ ಮನಸ್ಸಾಗಲಿಲ್ಲ. ಜೀಪು ಹತ್ತುವ ಮುಂಚೆ ಅವಳು ಚೀರೊನ ಕಡೆ ತಿರುಗಿದಳು.

"ಗೂಡು ತೆರೆದು ಹಂಗೇ ಬಿಡಬೇಡ ಕಣೋ, ಚಪ್ಪಡಿ ಮುಚ್ಚು. ಖಾಲಿ ಅಂತ ಬೇರೆಯವರಿಗೆ ಕೊಟ್ಟುಬಿಟ್ಟಾರು."