ಇಪ್ಪತ್ತಮೂರನೇ ಕೀ

"ನನ್ನನ್ನ ಕಳ್ಳ ಅಂತ ಬರೆದೋರು ನೀವೇನಾ?"

ಗಾನವಿ ತಲೆ ಎತ್ತಿದಳು. ಬಾಗಿಲಲ್ಲಿ ಖಾಕಿ ಅಂಗಿಯ ಯುವಕನೊಬ್ಬ ನಿಂತಿದ್ದ. ಒಂದು ಕೈಯಲ್ಲಿ ಹಳದಿ ಹೆಲ್ಮೆಟ್, ಇನ್ನೊಂದರಲ್ಲಿ ನಾಲ್ಕಾಗಿ ಮಡಚಿದ ಕಾಗದ. ಮೆಟ್ಟಿಲು ಓಡಿಕೊಂಡು ಹತ್ತಿ ಬಂದಿದ್ದರೂ ಏದುಸಿರಿಲ್ಲ. ಹತ್ತುವುದೇ ಕಸುಬು ಅನ್ನುವಂತೆ.

"ಯಾವ ಕಳ್ಳ?" ಅಂದಳು. ಅಂದ ಮೇಲೆ, ಇದನ್ನು ಹೀಗೆ ಕೇಳಬಾರದಿತ್ತು ಅನ್ನಿಸಿತು.

ಅವನು ಕಾಗದ ಬಿಡಿಸಿ ಓದಿದ. "'ನಿಮ್ಮ ಖರೀದಿಯು ಅನಧಿಕೃತ ಮರುಮಾರಾಟದ ಲಕ್ಷಣಗಳನ್ನು ಹೊಂದಿರುವುದರಿಂದ ತಡೆಹಿಡಿಯಲಾಗಿದೆ.' ಕೆಳಗೆ ಗಾನವಿ ಅಂತಿದೆ. ನಾನು ನಂದೀಶ್. ಹುದಿಕೇರಿ ಕಡೆ ಲೈನ್‌ಮ್ಯಾನ್."

ಮೂಲೆಯಲ್ಲಿ ಕಂಪ್ಯೂಟರಿನ ಮೇಲೆ ದೈವವೊಂದಕ್ಕೆ ಮೂಗು ಬರೆಯುತ್ತಿದ್ದ ರಮ್ಯ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು.

ಗೋಣಿಕೊಪ್ಪಲಿನ ಕರಿಮೆಣಸಿನ ಅಂಗಡಿಯೊಂದರ ಮೇಲಿನ ಮೂರು ಕೋಣೆಗಳಲ್ಲಿ 'ಕಡಂಗ' ಎಂಬ ವಿಡಿಯೊ ಗೇಮ್ ತಯಾರಾಗುತ್ತಿತ್ತು. ಕಡಂಗ ಅಂದರೆ ಅರಸರ ಕಾಲದಲ್ಲಿ ಗಡಿಯುದ್ದಕ್ಕೂ ತೋಡಿದ ಆಳದ ಕಂದಕ. ಕೊಡಗಿನ ತೋಟಗಳಲ್ಲಿ ಅವು ಈಗಲೂ ಇವೆ. ಶತ್ರುಗಳು ಬರುವುದು ನಿಂತಿದೆ, ದನಗಳು ಬೀಳುವುದು ನಿಂತಿಲ್ಲ. ಆಟದಲ್ಲಿ ನೀವೊಬ್ಬ ಅರಸು. ಸುತ್ತ ಮಂಜು, ಮಂಜಿನೊಳಗೆ ದೈವಗಳು, ಮಾತಾಡುವ ಆನೆಗಳು, ಆಚೆ ನೆರೆಯ ಅರಸಾಗಿ ಇನ್ನೊಬ್ಬ ಆಟಗಾರ. ಎಲ್ಲಿ ಕಡಂಗ ತೋಡುತ್ತೀರಿ, ಎಲ್ಲಿ ಉಕ್ಕಡ, ಅಂದರೆ ಕಾವಲಿನ ಬಾಗಿಲು, ಬಿಡುತ್ತೀರಿ ಅನ್ನುವುದರ ಮೇಲೆ ಸೋಲು ಗೆಲುವು.

ಚಿತ್ರ ರಮ್ಯಳದು. ಬೆಲೆ ಗಾನವಿಯದು.

ಒಂದೇ ಆಟಕ್ಕೆ ಮೂವತ್ತೆಂಟು ದೇಶಗಳಲ್ಲಿ ಮೂವತ್ತೆಂಟು ಬೆಲೆ. ಅಮೆರಿಕದ ಬೆಲೆಯನ್ನು ನೇರವಾಗಿ ರೂಪಾಯಿಗೆ ತಿರುಗಿಸಿದರೆ ಎರಡೂವರೆ ಸಾವಿರ. ಗಾನವಿ ಪೊನ್ನಂಪೇಟೆಯ ಕ್ಯಾಂಟೀನಿನಲ್ಲಿ ಕಾಲೇಜಿನವರನ್ನು, ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿಯವರನ್ನು ಕೇಳಿ ಕೇಳಿ, ಇಂಡಿಯಾದ ಎದುರಿಗೆ ನಾನೂರ ತೊಂಬತ್ತೊಂಬತ್ತು ಎಂದು ಬರೆದಿದ್ದಳು. ಆಟವನ್ನು ಲೋಕಕ್ಕೆ ಮಾರುವ ಹೊರದೇಶದ ಕಂಪನಿಯವರು ಆರು ತಿಂಗಳು ತಕರಾರು ಮಾಡಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಇಲ್ಲಿ ಅಗ್ಗಕ್ಕೆ ಕೊಂಡು ಅಲ್ಲಿ ದುಬಾರಿಗೆ ಮಾರುವವರು ಪ್ರೀ-ಆರ್ಡರ್, ಅಂದರೆ ಮುಂಗಡ ಖರೀದಿಯ, ಹೊತ್ತಿಗೇ ಕಾಣಿಸಿಕೊಂಡರೆ, ಬಿಡುಗಡೆಯ ದಿನ ಇಲ್ಲಿಗೂ ಎರಡೂವರೆ ಸಾವಿರ. ತೀರ್ಮಾನ ಈ ಶುಕ್ರವಾರ ಸಂಜೆ ಐದಕ್ಕೆ.

ಅಂಥ ವಾರದಲ್ಲಿ ಒಂದೇ ಕಾರ್ಡಿನಿಂದ ಇಪ್ಪತ್ತಮೂರು ಪ್ರೀ-ಆರ್ಡರ್ ಬಂದಿತ್ತು.

"ಇಪ್ಪತ್ತಮೂರು ಕೀ ಒಬ್ಬರಿಗೆ ಯಾಕೆ ಬೇಕು ಹೇಳಿ," ಅಂದಳು. ಕೀ ಅಂದರೆ ಅಕ್ಷರ, ಅಂಕಿಗಳ ಒಂದು ಉದ್ದ ಸಾಲು. ಅದನ್ನು ಒತ್ತಿದವರಿಗೆ ಆಟ ತೆರೆಯುತ್ತದೆ, ಒಂದು ಕೀ ಒಬ್ಬರಿಗೆ ಮಾತ್ರ. ಮುಂಗಡ ಕೊಂಡವರಿಗೆ ಬಿಡುಗಡೆಗೂ ಮೊದಲೇ.

"ಒಬ್ಬರಿಗಲ್ಲ ಮೇಡಂ. ನಮ್ಮ ಕಡೆಯಿಂದ ಪೇಟೆಗೆ ಬರೋನು ಒಬ್ಬ, ಚೀಟಿ ಕೊಡೋದು ಇಪ್ಪತ್ತು ಮನೆ. ನಾನು ಬಿ.ಪಿ. ಮಾತ್ರೆ ತರ್ತೀನಿ, ನಾಯಿಗೆ ಬಿಸ್ಕತ್ತು ತರ್ತೀನಿ, ಅವರ ಮದುವೆ ಕಾರ್ಡು ಇವರಿಗೆ ಹಂಚ್ತೀನಿ. ಈ ಸಲ ಆಟ ತಗೊಂಬಾ ಅಂದ್ರು. ತಗೊಂಡೆ."

"ಇದು ಸಂತೆ ಸಾಮಾನಲ್ಲ."

"ಹಾಗಂತ ನಿಮ್ಮ ವೆಬ್‌ಸೈಟಲ್ಲಿ ಎಲ್ಲೂ ಬರೆದಿಲ್ಲ."

ರಮ್ಯ ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಗಿಸಿದಳು.

"ಸರಿ. ಅವರ ಹೆಸರು ಕೊಡಿ."

"ಕೊಡಲ್ಲ. ಯಾರ ಚೀಟೀಲಿ ಏನಿದೆ ಅಂತ ಮೆಡಿಕಲ್ ಶಾಪಲ್ಲೇ ನಾನು ಹೇಳಲ್ಲ. ಬೇಕಾದ್ರೆ ನಾಳೆ ಬನ್ನಿ, ಒಂದು ಮನೆ ತೋರಿಸ್ತೀನಿ. ಅವರಾಗಿ ಹೇಳಿದ್ರೆ ಅವರಿಷ್ಟ."

ಬಾಗಿಲವರೆಗೆ ಹೋದವನು ತಿರುಗಿದ. "ನಿಮ್ಮ ಯುಪಿಎಸ್ ವೈರು ಬಿಸಿಯಾಗ್ತಿದೆ. ನೋಡ್ಕೊಳ್ಳಿ."

ಅವನು ಇಳಿದು ಹೋದ ಮೇಲೆ ಗಾನವಿ ಮೇಜಿನ ಕೆಳಗೆ ಬಗ್ಗಿ ವೈರನ್ನು ಮುಟ್ಟಿದಳು. ನಿಜವಾಗಿ ಬಿಸಿಯಿತ್ತು.

ಕಳ್ಳನಿಗೆ ನನ್ನ ವೈರಿನ ಚಿಂತೆ ಯಾಕೆ...

*

ಮಂಗಳವಾರ ಬೆಳಿಗ್ಗೆ ಅವಳ ಸ್ಕೂಟರು ಅವನ ಬೈಕಿನ ಹಿಂದೆ ಹುದಿಕೇರಿಯತ್ತ ಹೊರಟಿತು. ಕಾಫಿ ಹೂ ಬಿಟ್ಟ ವಾರ. ದಾರಿಯಲ್ಲಿ ನಂದೀಶ್ ಆರು ಕಡೆ ನಿಂತ. ಒಬ್ಬರಿಗೆ ಮಾತ್ರೆ, ಒಬ್ಬರಿಗೆ ಕುಕ್ಕರಿನ ರಬ್ಬರು, ಒಬ್ಬರಿಗೆ ಬರೀ ಬೈಗುಳ. "ನಿನ್ನೆ ಯಾಕೆ ಬರಲಿಲ್ಲ ನೀನು?" ಎಂದು. ಗಾನವಿ ಪ್ರತಿ ಸಲವೂ ಹಿಂದೆ ನಿಂತು ನೋಡಿದಳು. ತನಿಖೆಗೆ ಬಂದವಳಿಗೆ ಇಷ್ಟು ಕುತೂಹಲ ಇರಬೇಕಾದ್ದೇ ಎಂದು ತನಗೆ ತಾನೇ ಹೇಳಿಕೊಂಡಳು.

ಏಳನೆಯ ನಿಲುಗಡೆ ಬೋಜಮ್ಮ ಟೀಚರ ಮನೆ. ಮೂವತ್ತೈದು ವರ್ಷ ಲೆಕ್ಕ ಪಾಠ ಮಾಡಿ ನಿವೃತ್ತರಾದವರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಗ್ರಾಫ್ ಪುಸ್ತಕ, ಪುಸ್ತಕದ ತುಂಬ 'ಕಡಂಗ'ದ ನಕ್ಷೆಗಳು. ಪುಕ್ಕಟೆ ಸಿಗುವ ಡೆಮೊ ಆಡಿ ಆಡಿ ಪೆನ್ಸಿಲಿನಲ್ಲಿ ಬರೆದವು.

"ನೀನಾ ಬೆಲೆ ಹಾಕಿದ್ದು?"

"ಹೌದು ಟೀಚರ್."

"ಕೂರು. ಎಂಟುನೂರು ಅಂದಿದ್ರೂ ನಾನು ಕೊಡ್ತಿದ್ದೆ. ಎರಡೂವರೆ ಸಾವಿರ ಅಂದಿದ್ರೆ ಕೊಡ್ತಿರಲಿಲ್ಲ. ದುಡ್ಡಿಲ್ಲ ಅಂತಲ್ಲ ಮಗು. ಅಂಥ ಬೆಲೆ ನೋಡಿದ ಕೂಡಲೆ, ಇದು ನಮಗೆ ಮಾಡಿದ್ದಲ್ಲ, ಬೇರೆ ಯಾರಿಗೋ ಅಂತ ಗೊತ್ತಾಗಿಬಿಡುತ್ತೆ. ಐನೂರಕ್ಕೆ ಒಂದು ಕಮ್ಮಿ ಅಂತ ಕಂಡಾಗ, ಯಾರೋ ಕೂತು ನಮ್ಮನ್ನ ನೆನೆಸ್ಕೊಂಡಿದ್ದಾರೆ ಅನ್ನಿಸ್ತು."

ಕಂಪನಿಗೆ ಗಾನವಿ ಬರೆದ ವರದಿ ನಲವತ್ತು ಪುಟದ್ದು. ಈ ಮಾತು ಅದರಲ್ಲಿ ಇರಲಿಲ್ಲ.

"ಅದಿರಲಿ, ನೀನು ಎಷ್ಟು ಸಲ ಗೆದ್ದಿದ್ದೀಯ?"

"ನಾನು... ಆಡಿಲ್ಲ ಟೀಚರ್."

ಜಗಲಿಯಲ್ಲಿ ಮೀಟರ್ ನೋಡುತ್ತಿದ್ದ ನಂದೀಶನ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಕಾಫಿ ಗಿಡ ನೋಡದೇನೇ ಕಾಫಿಗೆ ರೇಟು ಹೇಳೋರು ಲಂಡನ್ನಲ್ಲಿ ಇದ್ದಾರೆ ಅಂತ ಕೇಳಿದ್ದೆ," ಅಂದರು ಬೋಜಮ್ಮ, ಕನ್ನಡಕ ಒರೆಸಿಕೊಳ್ಳುತ್ತ. "ಗೋಣಿಕೊಪ್ಪಲಲ್ಲೂ ಒಬ್ಬರು ಇದ್ದಾರೆ ಅಂತ ಇವತ್ತು ಗೊತ್ತಾಯ್ತು."

ವಾಪಸ್ ಬರುವಾಗ ಗೇಟಿನ ಹತ್ತಿರ ಗಾನವಿ ಕೇಳಿದಳು. "ನೀವು ಆಡ್ತೀರಾ?"

"ಟೀಚರ್ ಹತ್ರ ಸೋಲ್ತೀನಿ. ನನ್ನ ದೈವಗಳೆಲ್ಲ ಮೂರನೇ ದಿನಕ್ಕೇ ಅವರ ಕಡೆ ಸೇರ್ಕೊಂಡುಬಿಡ್ತವೆ. ಹೆದರಿಕೆಗೋ, ಮರ್ಯಾದೆಗೋ ಗೊತ್ತಿಲ್ಲ."

ಗಾನವಿ ನಕ್ಕಳು. ನಕ್ಕ ಮೇಲೆ, ತಾನು ಬಂದದ್ದು ತನಿಖೆಗೆ ಅನ್ನುವುದು ನೆನಪಾಯಿತು.

*

ಮಧ್ಯಾಹ್ನವೇ ಅವಳು ತಡೆ ತೆಗೆದು ಕಂಪನಿಗೆ ಬರೆದಳು. ಇಲ್ಲಿ ಒಬ್ಬರು ಪೇಟೆಗೆ ಹೋದರೆ ಎಲ್ಲರದ್ದೂ ತರುವುದು ರೂಢಿ, ಇದು ಕಳ್ಳಮಾರಾಟವಲ್ಲ ಎಂದು. ಉತ್ತರ ಚುಟುಕಾಗಿತ್ತು. ಹಾಗಾದರೆ ಇಪ್ಪತ್ತಮೂರು ಕೀಗಳೂ ಇಪ್ಪತ್ತಮೂರು ಬೇರೆ ಬೇರೆ ಜನರ ಹೆಸರಲ್ಲಿ, ನಿಮ್ಮ ಜಿಲ್ಲೆಯ ಒಳಗೇ, ಶುಕ್ರವಾರ ಐದರೊಳಗೆ ತೆರೆಯಲಿ. ಒಂದು ಉಳಿದರೂ ಬೆಲೆ ಎರಡೂವರೆ ಸಾವಿರ.

ನಂದೀಶ್ ಮನೆಮನೆಗೆ ಹೋದ. ಅವನ ಮೆಸೇಜುಗಳು ಬರತೊಡಗಿದವು. "ಒಂಬತ್ತು." "ಹದಿನಾಲ್ಕು. ಒಬ್ಬರು ಪಾಸ್‌ವರ್ಡ್‌ಗೆ ಹಸುವಿನ ಹೆಸರು ಕೊಟ್ಟಿದ್ದಾರೆ, ಈಗ ಯಾವ ಹಸು ಅಂತ ಮರೆತಿದ್ದಾರೆ." "ಹತ್ತೊಂಬತ್ತು. ಹಸು ಸಿಕ್ಕಿತು."

ಗಾನವಿ ಲೆಕ್ಕಕ್ಕೆಂದು ಮೊಬೈಲ್ ನೋಡುತ್ತಿದ್ದಳು. ಲೆಕ್ಕ ಬಂದ ಮೇಲೂ ಅದನ್ನು ಕೆಳಗಿಡುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವನೇ ಬಂದ. "ಇಪ್ಪತ್ತೆರಡು ಆಯ್ತು ಮೇಡಂ."

"ಇನ್ನೊಂದು?"

ಅವನು ಹೆಲ್ಮೆಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅದು ಸದ್ಯಕ್ಕೆ ಯಾರದ್ದೂ ಅಲ್ಲ. ಅದನ್ನ ನಾನು ಯಾರಿಗೆ ಕೊಡೋಣ ಅಂತಿದ್ದೆ ಅಂದ್ರೆ..."

"ಯಾರದ್ದೂ ಅಲ್ಲವಾ?" ಆರು ತಿಂಗಳ ಜಗಳ, ನಲವತ್ತು ಪುಟ, ಅವನ ಪರವಾಗಿ ಬರೆದ ಪತ್ರ, ಎಲ್ಲ ಒಟ್ಟಿಗೆ ಅವಳಿಗೆ ನೆನಪಾದವು. "ಯಾರಿಗೋ ಕೊಡೋದಕ್ಕೆ ಅಂತ ಇಟ್ಕೊಂಡ ಕೀಗೇ ಮರುಮಾರಾಟ ಅನ್ನೋದು. ಹಾಗಾದ್ರೆ ನಾನು ಮೊದಲು ಬರೆದದ್ದೇ ಸರಿ ಇತ್ತು."

ಅವನ ಮುಖದಲ್ಲಿ ಏನೋ ಆರಿತು.

"ಸರಿ ಮೇಡಂ," ಅಂದ. ಅಷ್ಟೇ. ಈ ಸಲ ಬಾಗಿಲಲ್ಲಿ ತಿರುಗಲಿಲ್ಲ. ವೈರಿನ ವಿಷಯ ಕೇಳಲಿಲ್ಲ.

"ಮಾತು ಮುಗಿಸೋಕೆ ಬಿಡಬೇಕಿತ್ತು ನೀನು," ಅಂದಳು ರಮ್ಯ.

"ನೀನು ಮೂಗು ಬರಿ," ಅಂದಳು ಗಾನವಿ.

*

ಶುಕ್ರವಾರ ನಾಲ್ಕೂ ಹತ್ತು. ಕಂಪನಿಗೆ ಕಳಿಸಬೇಕಾದ ತಪ್ಪೊಪ್ಪಿಗೆ ಅರ್ಧ ಬರೆದು ನಿಂತಿತ್ತು. ಫೋನ್ ರಿಂಗಾಯಿತು. ಬೋಜಮ್ಮ ಟೀಚರ್.

"ನಿನ್ನ ಆನೆ ನನ್ನ ಕಡಂಗ ದಾಟ್ತಾ ಇದೆ. ಹದಿನಾರು ಅಡಿ ಆಳ ತೋಡಿದ್ದೀನಿ. ದಾಟಬಾರದು."

"ಸರಿಪಡಿಸ್ತೀವಿ ಟೀಚರ್."

"ನೀನೇ ಆಡಿ ನೋಡು, ಗೊತ್ತಾಗುತ್ತೆ. ಶುರು ಮಾಡಿದ್ಯ?"

"ನನ್ನ ಹತ್ರ ಕೀ ಎಲ್ಲಿದೆ?"

ಆ ಕಡೆ ಪೆನ್ಸಿಲು ಕೆಳಗಿಟ್ಟ ಸದ್ದು. "ನಂದೀಶ್ ಕೊಡಲಿಲ್ವ? ಹೆಚ್ಚಿಗೆ ತಂದಿದ್ದು?"

"ಯಾವ ಹೆಚ್ಚಿಗೆ?"

"ಪೇಟೆಗೆ ಹೋದೋನು ಯಾವಾಗ್ಲೂ ಒಂದು ಹೆಚ್ಚಿಗೆ ತರ್ತಾನಲ್ಲ ಮಗು. ಬ್ರೆಡ್ಡಾದ್ರೂ ಅಷ್ಟೆ, ಬಲ್ಬಾದ್ರೂ ಅಷ್ಟೆ. ಚೀಟಿ ಕೊಡೋಕೆ ಮರೆತ ಮನೆ ಒಂದು ಇದ್ದೇ ಇರುತ್ತೆ. ಮಂಗಳವಾರ ನಿನ್ನ ಕಳಿಸಿ ತಿರುಗಿ ಬಂದ. 'ಟೀಚರ್, ಈ ಹೆಚ್ಚಿಂದು ಅವರಿಗೇ ಕೊಟ್ರೆ ತಪ್ಪು ತಿಳ್ಕೊಳ್ತಾರಾ' ಅಂತ ಕೇಳ್ದ. ಹನ್ನೊಂದು ಸಾವಿರ ವೋಲ್ಟಿನ ಲೈನ್ ಹಿಡಿಯೋನು. ನಿನಗೆ ಹೆದರ್ತಾನೆ."

ಗಾನವಿ ಎದ್ದು ನಿಂತಿದ್ದಳು. ಯಾವಾಗ ಎದ್ದೆ ಎಂದು ಅವಳಿಗೆ ತಿಳಿಯಲಿಲ್ಲ.

ಅವನ ಮಾತನ್ನು ನಾನೇ ಅರ್ಧಕ್ಕೆ ಕತ್ತರಿಸಿದೆ. ಆ ಅರ್ಧದಲ್ಲಿ ನಾನೇ ಇದ್ದೆ...

ನಂದೀಶ್ ಫೋನ್ ಎತ್ತಲಿಲ್ಲ. ಎರಡು ಸಲ, ಮೂರು ಸಲ.

"ಪೊನ್ನಂಪೇಟೆ ರಸ್ತೇಲಿ ಮೂರು ಗಂಟೆಯಿಂದ ಕರೆಂಟಿಲ್ಲ," ಅಂದಳು ರಮ್ಯ, ತಲೆ ಎತ್ತದೆ. "ಕರೆಂಟ್ ಎಲ್ಲಿಲ್ವೋ ಅಲ್ಲಿ ಹುಡುಕು."

*

ನಾಲ್ಕೂ ನಲವತ್ತೊಂದಕ್ಕೆ ಸಿಕ್ಕಿದ. ಸಿಲ್ವರ್ ಓಕಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದು, ರಸ್ತೆಗೂ ಅಡ್ಡವಾಗಿತ್ತು. ಅವನು ಕಂಬದ ತುದಿಯಲ್ಲಿದ್ದ. ಕೆಳಗೆ ಒಂದು ಜೀಪು, ಜೀಪಿನ ತುಂಬ ಜನ, ಎಲ್ಲರೂ ಕತ್ತು ಮೇಲೆತ್ತಿ ಕೂತಿದ್ದರು.

"ಕೆಳಗೆ ಬನ್ನಿ," ಅಂತ ಕೂಗಿದಳು.

"ಆಗಲ್ಲ ಮೇಡಂ. ಒಂದು ಜಾಯಿಂಟ್ ಬಾಕಿ. ಅರ್ಧ ಗಂಟೆ."

"ಐದಕ್ಕೆ ಮುಗಿಯುತ್ತೆ ಎಲ್ಲ."

"ಕಳ್ಳ ಅಂತ ಬರೆದುಬಿಡಿ ಮೇಡಂ. ಹೇಗೂ ಬರೆದಿದ್ದೀರಲ್ಲ."

ಜೀಪಿನವರ ಕತ್ತುಗಳು ಅವಳ ಕಡೆ ತಿರುಗಿದವು.

"ನಿನ್ನೆ ನಾನು ನಿಮ್ಮ ಮಾತು ಮುಗಿಸೋಕೆ ಬಿಡಲಿಲ್ಲ. ತಪ್ಪಾಯ್ತು," ಅಂದಳು. "ಈಗ ಮುಗಿಸಿ. ಯಾರಿಗೆ ಕೊಡೋಣ ಅಂತಿದ್ರಿ?"

ಮೇಲೆ ಇಕ್ಕಳ ಹಿಡಿದ ಕೈ ತಂತಿಯ ಹತ್ತಿರ ಹಾಗೇ ನಿಂತಿತು.

"ಇಷ್ಟು ಜನರ ಎದುರಾ?"

"ಅವರಿಗೂ ಹೋಗೋಕೆ ದಾರಿ ಇಲ್ಲ."

"ಹೇಳಪ್ಪ ಬೇಗ," ಅಂದಳು ಜೀಪಿನಿಂದ ಒಬ್ಬ ಹೆಂಗಸು. "ಹಾಲಿನ ಹೊತ್ತಾಯ್ತು ನಮಗೆ."

"ನಿಮಗೆ," ಅಂದ ನಂದೀಶ್. "ನಿಮಗೇ ಕೊಡೋಣ ಅಂತಿದ್ದೆ. ಆಡೋಕೆ ಬೇರೆ ಯಾರೂ ಇಲ್ಲ ಅಂತಲ್ಲ. ನಿಮ್ಮ ಜೊತೆ ಆಡ್ಬೇಕು ಅಂತ."

ಗಾನವಿ ಫೋನ್ ತೆಗೆದಳು. ಒಂದೇ ಕಡ್ಡಿ ಸಿಗ್ನಲ್. "ಕೀ ಹೇಳಿ."

ಅವನು ಜೇಬಿಗೆ ಕೈ ಹಾಕಲಿಲ್ಲ. ತಂತಿಯ ಮೇಲೇ ಕಣ್ಣಿಟ್ಟು ಶುರು ಮಾಡಿದ. "ಕೆ. ಏಳು. ಎಮ್. ಒಂಬತ್ತು, ಇನ್ನೊಂದು ಒಂಬತ್ತು. ಬಲ್ಬಿನ ಬಿ..."

"ಬಾಯಿಪಾಠನಾ?"

"ನಾಲ್ಕು ದಿನದಿಂದ ತೆಗೆದು ತೆಗೆದು ನೋಡ್ತಿದ್ದೀನಿ ಮೇಡಂ. ಎರಡು. ಆರ್..."

ಹದಿನೈದು ಅಕ್ಷರ, ಅಂಕಿಗಳೂ ಆದವು. ಪುಟ್ಟ ಚಕ್ರವೊಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಜೀಪಿನಲ್ಲಿ ಯಾರೂ ಉಸಿರೆತ್ತಲಿಲ್ಲ, ಯಾಕೆಂದು ಅವರಿಗೆ ಗೊತ್ತಿಲ್ಲದಿದ್ದರೂ.

ನಾಲ್ಕೂ ಐವತ್ತಮೂರು. 'ಕೀ ತೆರೆದಿದೆ. ಆಟಗಾರರು: ಗಾನವಿ. ಸ್ಥಳ: ಕೊಡಗು.'

ಅವಳು ಹೋಗಲಿಲ್ಲ. ಐದೂ ಇಪ್ಪತ್ತಕ್ಕೆ ಎದುರಿನ ಅಂಗಡಿಯ ದೀಪ ಹತ್ತಿತು. ಅವನು ಇಳಿದು ಬಂದಾಗ ಅವಳು ಕಂಪನಿಯ ಉತ್ತರ ತೋರಿಸಿದಳು. ಇಂಡಿಯಾದ ಬೆಲೆ ಬದಲಿಲ್ಲ. ಕೊನೆಯಲ್ಲೊಂದು ಪ್ರಶ್ನೆಯಿತ್ತು. ಈ ಚೀಟಿ ಪದ್ಧತಿಯನ್ನು ಉಳಿದ ಮೂವತ್ತೇಳು ದೇಶಗಳಲ್ಲೂ ಶುರು ಮಾಡಬಹುದೇ?

"ಆಗಲ್ಲ," ಅಂದ ನಂದೀಶ್. "ಅಲ್ಲೆಲ್ಲ ನಾನೆಲ್ಲಿ ಹೋಗಲಿ?"

*

ಶನಿವಾರ ಬೆಳಿಗ್ಗೆ, ಕರಿಮೆಣಸಿನ ಅಂಗಡಿಯ ಮೇಲೆ, ಎರಡು ಲ್ಯಾಪ್‌ಟಾಪ್ ಎದುರುಬದುರಾಗಿ. ರಮ್ಯ ಕಾಫಿ ಕುಡಿಯಲು ಕೆಳಗೆ ಹೋದವಳು ಯಾಕೋ ಬಹಳ ಹೊತ್ತು ಬರಲಿಲ್ಲ.

ಗಾನವಿಯ ತೆರೆಯ ಮೇಲೆ ಮಂಜು ಸರಿಯಿತು. ಅವನ ರಾಜ್ಯ ಕಂಡಿತು. ಮೂರು ದಿಕ್ಕಿಗೆ ಆಳದ ಕಡಂಗ, ಅವಳ ಕಡೆ ಬರೀ ನೆಲ, ನಡುವೆ ತೆರೆದ ಬಾಗಿಲು.

"ನನ್ನ ಕಡೆ ತೋಡೇ ಇಲ್ಲ ನೀವು."

"ಉಕ್ಕಡ ಬಿಟ್ಟಿದ್ದೀನಿ."

"ಕಾವಲಿಗೆ ಒಬ್ಬರೂ ಇಲ್ಲ."

"ಬೇಡ ಅನ್ನಿಸ್ತು."

ಆನೆಗಳನ್ನು ಅತ್ತ ಬಿಟ್ಟರೆ ಮೂರೇ ನಡೆಯಲ್ಲಿ ಗೆಲುವು. ಒಂದು ಸಲವೂ ಆಡದವಳಿಗೂ ಅದು ಕಾಣುತ್ತಿತ್ತು. ಗಾನವಿ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದಳು. ಆಮೇಲೆ ಅದರ ಎದುರಿಗೆ ಸರಿಯಾಗಿ ತನ್ನದೊಂದು ಬಾಗಿಲು ತೆರೆದಳು.

"ಈಗೇನಾಗುತ್ತೆ?"

"ಗೊತ್ತಿಲ್ಲ. ಟೀಚರ್ ಜೊತೆ ಯಾವತ್ತೂ ಇಲ್ಲೀತನಕ ಬಂದಿಲ್ಲ." ಅವನು ಅವಳ ಕಡೆ ನೋಡಿದ. "ನೋಡೋಣ, ಗಾನವಿ."

ಮೇಡಂ ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ಮೇಜಿನ ಕೆಳಗೆ ಕೈಚಾಚಿ ವೈರು ಮುಟ್ಟಿದಳು.

"ಇದು ಇನ್ನೂ ಬಿಸಿಯಾಗ್ತಾ ಇದೆ, ನಂದೀಶ್."

"ಗೊತ್ತು. ಸರಿ ಮಾಡೋಕೆ ನಾಳೇನೂ ಬರ್ತೀನಿ."

"ಇವತ್ತೇ ಮಾಡಬಹುದಲ್ಲ?"

"ಮಾಡಬಹುದು," ಅಂದ ನಂದೀಶ್. ಕುರ್ಚಿಯಿಂದ ಮಾತ್ರ ಏಳಲಿಲ್ಲ.