ಮಂಜುಗಡ್ಡೆಯೊಳಗಿನ ಕೈ

ಐಸ್ ಫ್ಯಾಕ್ಟರಿಯ ಕ್ರಷರಿನವನು ಸುಲಭಕ್ಕೆ ಹೆದರುವ ಆಸಾಮಿಯಲ್ಲ. ಆದರೂ ಆ ಬೆಳಿಗ್ಗೆ ಪುಡಿ ಮಾಡಲು ಎಳೆದುಕೊಂಡ ಗಡ್ಡೆಯೊಳಗೆ ಐದು ಬೆರಳು ಮೇಲೆತ್ತಿ ನಿಂತ ಕೈ ಕಂಡಾಗ ಕಾಲಿಗೆ ಬುದ್ಧಿ ಹೇಳಿದ. ಅವನ ಹಿಂದೆ ಉಳಿದವರೂ ಓಡಿದರು. ಓಡದೆ ಏನು ಮಾಡಿಯಾರು? ಸ್ವಲ್ಪ ಮುಂಚೆಯಷ್ಟೇ, ಕೀಲಿಕೈ ಸಿಗದೆ, ಗಡ್ಡೆ ಪೇರಿಸಿಡುವ ಕೋಣೆಯ ಬೀಗ ಒಡೆದಿದ್ದರು. ಒಳಗೆ ಫ್ಯಾಕ್ಟರಿಯ ಮೆಷಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಗೋಡೆಗೆ ಒರಗಿ, ಮಂಡಿ ತಬ್ಬಿಕೊಂಡು, ಸೆಟೆದು ಸತ್ತಿದ್ದ.

ಕೈ ಎಂದರೆ ನಿಜದಲ್ಲಿ ರಬ್ಬರ್ ಗ್ಲೌಸ್. ಅದರ ಮಣಿಕಟ್ಟಿಗೆ ಆ ಕೋಣೆಯ ಕೀಲಿಕೈ ಕಟ್ಟಿತ್ತು. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತೇಪೆ. ತೇಪೆ ಅಂಟಿಸಿಕೊಟ್ಟವಳು ಮಿಸ್ತ್ರಿಯ ಹೆಂಡತಿ. ಗ್ಲೌಸ್ ಅವಳ ತಮ್ಮನದು.

ಮರುದಿನ ಅವಳು ನಮ್ಮ ಸರ್ವೇಯರರ ಮೆಟ್ಟಿಲು ಹತ್ತಿ ಬಂದಳು. ಸರ್ವೇಯರರು ವಿಮೆಯವರ ಪರವಾಗಿ ಮುಳುಗಿದ ದೋಣಿಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಬಂದರಿನವರ ಯಾವ ತಂಟೆ ಇದ್ದರೂ ಅವರ ಕೋಣೆಗೇ ಬರುತ್ತಿತ್ತು. ಕೆಳಗೆ ಔಷಧಿ ಅಂಗಡಿ ಇಟ್ಟುಕೊಂಡಿರುವ ಕಾಂಪೌಂಡರನಾದ ನನ್ನ ಪಾಲಿಗೆ ಬರುತ್ತಿದ್ದುದು ಚಹಾ ಕಾಸುವ ಕೆಲಸ.

ಹೆಣ ಸಿಗುವ ಹಿಂದಿನ ದಿನ ಬೆಳಿಗ್ಗೆ ಅವಳ ತಮ್ಮ ಐಸ್ ಗಡ್ಡೆ ಕಟ್ಟುವ ತಗಡಿನ ಕ್ಯಾನುಗಳಿಗೆ ನೀರು ತುಂಬಿದ್ದ, ಭಾವನ ಜೊತೆ ಎಲ್ಲರೆದುರು ಜಗಳವಾಡಿದ್ದ, ಕೆಲಸ ಬಿಟ್ಟು ಮೀನಿನ ಬೋಟು ಹತ್ತಿದ್ದ. ಭಾವನನ್ನು ಕೋಣೆಯಲ್ಲಿ ಕೂಡಿಹಾಕಿ, ಕೀಲಿಕೈಯನ್ನು ತಾನೇ ತುಂಬಿದ ಕ್ಯಾನಿಗೆ ಎಸೆದು ಹೋದ ಎಂದು ಇನ್ಸ್‌ಪೆಕ್ಟರರು ಬೋಟು ಮರಳಿದ ಕೂಡಲೇ ಅವನನ್ನು ದಕ್ಕೆಯಲ್ಲೇ ಹಿಡಿದಿದ್ದರು.

“ಗಂಡ ಹೋದ್ರು. ತಮ್ಮನನ್ನಾದ್ರೂ ಉಳಿಸಿಕೊಡಿ,” ಎಂದಳು. ಅಳುವಷ್ಟೂ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಗಂಡನನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಸರ್ವೇಯರರು ಕೇಳಿದರು.

“ಮೊನ್ನೆ ಬೆಳಿಗ್ಗೆ ಮನೇಲಿ. ಗ್ಯಾಸಿನ ಪೈಪು ತುಕ್ಕು ಹಿಡಿದಿದೆ, ಇವತ್ತು ಮೆಷಿನ್ ನಿಲ್ಲಿಸಲೇಬೇಕು ಅಂತ ಹೇಳಿ ಹೋದ್ರು. ನಾನು ಮೀನು ಡಬ್ಬಿಗೆ ತುಂಬೋ ಕಾರ್ಖಾನೇಲಿ ಕೂರೋದು ಆ ಕೋಣೆ ಗೋಡೆಗೆ ಒರಗಿಕೊಂಡೇ. ಬೆಳಿಗ್ಗೆಯೆಲ್ಲ ಸದ್ದಿರಲಿಲ್ಲ. ಊಟ ಆದ ಮೇಲೆ ಪೈಪು ಬಡಿಯೋದು ಕೇಳಿಸ್ತು. ಸಂಜೆವರೆಗೂ ಬಡೀತಾನೇ ಇದ್ರು. ಅಂತೂ ರಿಪೇರಿ ಶುರುವಾಯ್ತು ಅಂತ ಸಮಾಧಾನ ಆಯ್ತು. ರಾತ್ರಿ ಮನೆಗೆ ಬರದೆ ಇದ್ದಾಗಲೂ ಕೆಲಸ ಮುಗಿದಿಲ್ಲ ಅಂದ್ಕೊಂಡೆ.”

ತುಟಿಗೆ ಹೋಗುತ್ತಿದ್ದ ಲೋಟವನ್ನು ಸರ್ವೇಯರರು ಕೆಳಗಿಟ್ಟರು. “ಈ ಮಾತು ಬೇರೆ ಯಾರಿಗೂ ಹೇಳಬೇಡಮ್ಮ,” ಎಂದರು. ಇವರ ಎಂದಿನ ಗುಟ್ಟುಗಾರಿಕೆ ಎಂದು ನಾನು ಒಳಗೊಳಗೇ ಸಿಡುಕಿದೆ.

ಸರ್ವೇಯರರ ಜೊತೆ ನಾನೂ ಬಂದರಿಗೆ ಹೋದೆ. ಐಸ್ ಇಲ್ಲದೆ ಬೋಟುಗಳು ಕಡಲಿಗಿಳಿದಿರಲಿಲ್ಲ. ಮೀನಿಲ್ಲದೆ ಡಬ್ಬಿ ಕಾರ್ಖಾನೆಯ ಹೆಂಗಸರು ಬರಿಗೈಯಲ್ಲಿ ಕೂತಿದ್ದರು. ಲಾರಿಯವರು ಲಾರಿಯಡಿ ಮಲಗಿದ್ದರು. ಇಷ್ಟು ಜನರ ಅನ್ನ ಆ ತಣ್ಣನೆಯ ಕಟ್ಟಡಕ್ಕೆ ಜೋತುಬಿದ್ದಿತ್ತು, ಒಳಗೆ ಕಾಲಿಡಲು ಮಾತ್ರ ಒಬ್ಬನೂ ಸಿದ್ಧನಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಒಳಗಿನಿಂದ ಬಾಗಿಲು ಬಡಿದಂತಾಗುತ್ತದೆ ಎಂದು ಕ್ರಷರಿನವನು ಪಿಸುಗುಟ್ಟಿದ.

ಆ ಗಡ್ಡೆ ಹೊಟ್ಟಿನ ರಾಶಿಯಡಿ ಕರಗದೆ ಬಿದ್ದಿತ್ತು. ಸರ್ವೇಯರರು ಒರೆಸಿ ನೋಡಿದರು. ಕೀಲಿಕೈಯ ಕೆಳಗೆ ನಾಲ್ಕು ಬೆರಳಿನಷ್ಟು ಶುಭ್ರವಾದ ಐಸ್. ಅದರ ಮೇಲೆ ಆ ಕೈ, ಯಾರನ್ನೋ ನಿಲ್ಲು ಎನ್ನುವಂತೆ. ನಾನು ಮುಖ ತಿರುಗಿಸಿದೆ.

ಫ್ಯಾಕ್ಟರಿ ನಡೆಸುತ್ತಿದ್ದವನು ಧಣಿಯ ಅಳಿಯ. ಎಲ್ಲರೂ ಅವನನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದರು. ಇಲ್ಲಿ ಶಿಸ್ತು ಚೆನ್ನಾಗಿದೆ ಎಂದು ಸರ್ವೇಯರರು ಹೊಗಳಿದ್ದೇ ತಡ, ಅವನು ಉಬ್ಬಿಹೋದ. “ಗ್ಲೌಸ್ ಜೋಡೀನ ನನ್ನ ಮೇಜಿನ ಮೇಲೆ ಬಿಚ್ಚಿಡದೆ ಯಾವನೂ ಗೇಟು ದಾಟಲ್ಲ. ಆಫೀಸಿನ ಕೀಲಿಕೈ ನನ್ನ ಸೊಂಟ ಬಿಟ್ಟು ಕದಲಲ್ಲ.”

ಸರ್ವೇಯರರು ಕ್ರಷರಿನವನನ್ನು ಪುಸಲಾಯಿಸಿ ಎರಡು ಕ್ಯಾನು ತುಂಬಿಸಿದರು. ಅದರ ಮರುದಿನ ಎಲ್ಲರೂ, ಕ್ಯಾನುಗಳನ್ನು ಇಳಿಬಿಡುವ ಉಪ್ಪುನೀರಿನ ತೊಟ್ಟಿಯ ಹಲಗೆಗಳ ಮೇಲೆ ಸೇರಿದೆವು: ಧಣಿ, ಅಳಿಯ, ಕ್ರಷರಿನವ, ಇನ್ಸ್‌ಪೆಕ್ಟರರು, ಕೈಕೋಳದ ತಮ್ಮ, ಪಕ್ಕದಲ್ಲಿ ಅವನ ಅಕ್ಕ. ಎರಡು ಗಡ್ಡೆಗಳನ್ನು ಎತ್ತಿ ಮಲಗಿಸಿದ್ದರು.

“ಎರಡನ್ನೂ ನಿನ್ನೆ ಬೆಳಿಗ್ಗೆ ತುಂಬಿಸಿದೆ,” ಎಂದರು ಸರ್ವೇಯರರು. “ಒಂದಕ್ಕೆ ಆಗಲೇ ಬೋಲ್ಟು ಹಾಕಿದೆ. ನೋಡಿ, ತಳಕ್ಕೇ ಅಂಟಿದೆ. ಇನ್ನೊಂದಕ್ಕೆ ಹಾಕಿದ್ದು ಸಂಜೆ. ನೀರು ಗಟ್ಟಿಯಾಗೋದು ತಳದಿಂದ, ಪಕ್ಕಗಳಿಂದ, ನಡುಭಾಗ ಕೊನೆಗೆ. ಸಂಜೆ ಹೊತ್ತಿಗೆ ತಳ ನಾಲ್ಕು ಬೆರಳು ಮೇಲೆ ಬಂದಿತ್ತು, ಬೋಲ್ಟು ಅಲ್ಲೇ ಕೂತಿತು. ಆ ಕೀಲಿಕೈ ಕೂತಿದ್ದೂ ಅಷ್ಟೇ ಎತ್ತರದಲ್ಲಿ.”

ಸಂಜೆ ತಮ್ಮ ನಡುಗಡಲಲ್ಲಿದ್ದ. ಬೋಟಿನ ಮಂದಿಯೆಲ್ಲ ಅದಕ್ಕೆ ಸಾಕ್ಷಿ. ಹಾಗಾದರೆ ಗ್ಲೌಸ್ ಎಲ್ಲಿತ್ತು? ಜೋಡಿ ಒಪ್ಪಿಸದೆ ಯಾರೂ ಗೇಟು ದಾಟುವುದಿಲ್ಲ ಎಂದವನು ಅಳಿಯನೇ. ಅಂದರೆ ಅದು ಆಫೀಸಿನಲ್ಲಿತ್ತು, ಆಫೀಸಿನ ಕೀಲಿಕೈ ಅವನ ಸೊಂಟದಲ್ಲಿತ್ತು. ತಮ್ಮ ತುಂಬಿದ ಕ್ಯಾನಿನಲ್ಲಿ ತಮ್ಮನ ಗ್ಲೌಸ್ ಸಿಗಲಿ ಎಂದೇ ಕೀಲಿಕೈ ಕಟ್ಟಿ ಮುಳುಗಿಸಿದ. ಮೇಲೆ ನೀರು ಕಂಡ, ಕೆಳಗೂ ನೀರೇ ಎಂದುಕೊಂಡ. ಕಾರಣವೂ ಸ್ಪಷ್ಟವಿತ್ತು: ಬೋಟುಗಳೆಲ್ಲ ಐಸಿಗೆ ಕಾಯುತ್ತಿದ್ದ ದಿನ ಮಿಸ್ತ್ರಿ ಮೆಷಿನ್ ನಿಲ್ಲಿಸಲು ಹೊರಟಿದ್ದ.

ಧಣಿ ಅಳಿಯನ ಮುಖ ನೋಡಿದರು. ಅದು ಕಪ್ಪಿಟ್ಟಿತ್ತು.

“ಸಾಯಿಸಬೇಕು ಅಂತ ಇರಲಿಲ್ಲ,” ಎಂದ ಅವನು. “ಗಡ್ಡೆ ನೋಡೋಣ ಬಾ ಅಂತ ಕರ್ಕೊಂಡು ಹೋಗಿ ಬೀಗ ಹಾಕ್ದೆ. ಸಂಜೆ ತೆಗೀತಿದ್ದೆ. ಆದ್ರೆ ಅಷ್ಟರಲ್ಲಿ ಸದ್ದು...”

“ಸಾಕು,” ಎಂದು ಸರ್ವೇಯರರು ಗದರಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸದ್ದು ನಿಂತುಹೋಗಿತ್ತು,” ಎಂದು ಅವನು ಮುಗಿಸಿಯೇಬಿಟ್ಟ.

ಮಿಸ್ತ್ರಿಯ ಹೆಂಡತಿ ತಮ್ಮನ ತೋಳು ಬಿಟ್ಟಳು. “ಯಾವ ಸದ್ದು?” ಎಂದಳು.

ತೊಟ್ಟಿಯ ನೀರು ಹಲಗೆಗಳ ಕೆಳಗೆ ಕದಲುತ್ತಿತ್ತು. ಆಗ ನನಗೆ ಅರ್ಥವಾಯಿತು. ಬೆಳಿಗ್ಗೆ ಸದ್ದಿಲ್ಲ, ಮಧ್ಯಾಹ್ನದಿಂದ ಸದ್ದು: ಆ ಒಂದು ಮಾತೇ ತಮ್ಮನನ್ನು ಬಿಡಿಸಲು ಸಾಕಾಗಿತ್ತು. ಆ ಬಡಿತ ಏನೆಂದು ಅವಳಿಗೆ ತಿಳಿಯದಿರಲೆಂದೇ ಸರ್ವೇಯರರು ಬೋಲ್ಟು, ಗಡ್ಡೆ ಎಂದು ಸುತ್ತುದಾರಿ ಹಿಡಿದಿದ್ದರು. ನನ್ನ ಸಿಡುಕಿಗೆ ನನಗೇ ನಾಚಿಕೆಯಾಯಿತು.

“ನಾನು ಪಕ್ಕದೋಳಿಗೆ ಹೇಳಿದೆ,” ಎಂದಳು ಅವಳು, ಯಾರಿಗೆಂದಿಲ್ಲದೆ. “ನೋಡು, ನಮ್ಮನೆಯವರು ಎಷ್ಟು ಕಷ್ಟಪಡ್ತಾರೆ ಅಂತ.”

ಪೈಪು ಬದಲಾಯಿಸಿದರು, ಐಸ್ ಬಂತು, ಬೋಟುಗಳು ಹೊರಟವು. ತಮ್ಮ ಮತ್ತೆ ಕಡಲಿಗೆ ಹೋದ. ಅವಳಿಗೆ ಬೇರೆ ಜಾಗ ಕೊಡುತ್ತೇವೆಂದರು, ಅವಳು ಒಪ್ಪಲಿಲ್ಲ. ಈಗಲೂ ಆ ಗೋಡೆಗೇ ಒರಗಿ ಕೂರುತ್ತಾಳೆ. ಆಚೆ ಕಡೆ ಏನಾದರೂ ಟಕ್ ಎಂದರೆ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಹೊರಗಿನಿಂದ ಸುತ್ತಿ ಹೋಗಿ ಆ ಕೋಣೆಯ ಬಾಗಿಲು ತೆಗೆದು ನೋಡಿ ಬರುತ್ತಾಳೆ. ಆ ಬಾಗಿಲಿಗೆ ಈಗ ಬೀಗ ಹಾಕುವುದಿಲ್ಲ.