ಒಂದು ಬೆರಳು ಸಡಿಲ

"ಬಿಚ್ಚು ಇದನ್ನ! ನಿನ್ನ ಕೈಯಾರೆ ಬಿಚ್ಚಿ ತೋರಿಸು!"

ಅವಳು ಎಸೆದ ಪ್ಯಾಂಟು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿದ್ದು ಗುಂಡಿ ಡಬ್ಬಿಯನ್ನು ಉರುಳಿಸಿತು. ಗುಂಡಿಗಳು ಅಂಗಡಿ ತುಂಬ ಚೆಲ್ಲಾಪಿಲ್ಲಿಯಾದವು. ದರ್ಜಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಕಾಲರಿಗೆ ಚುಚ್ಚಿಕೊಂಡ.

"ಏನಾಯ್ತು ಅಂತ ಹೇಳು ಮೊದಲು. ಕೂತ್ಕೋ, ನೀರು ಕುಡಿ."

"ನೀರೂ ಬೇಡ, ನಿನ್ನ ಉಪಚಾರಾನೂ ಬೇಡ. ಇದರ ಹಿಂದಿನ ಹೊಲಿಗೆ ಎಷ್ಟು ಸಲ ಬಿಚ್ಚಿದ್ದೀಯ?"

ಅವನು ಪ್ಯಾಂಟನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಪ್ಯಾಂಟನ್ನು ನೋಡಿದ.

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ."

"ಲೆಕ್ಕ ಇಡೋಕೆ ಆಗದಷ್ಟು ಸಲ! ಶಭಾಷ್!"

ಮೂಲೆಯ ಮಿಷನ್ನಿನಲ್ಲಿ ಕೂತಿದ್ದ ದರ್ಜಿಯ ಅಕ್ಕ ಕಾಲು ನಿಲ್ಲಿಸದೆಯೇ ಬಾಯಿ ಹಾಕಿದಳು. "ನಾನು ಅವತ್ತೇ ಬಡ್ಕೊಂಡೆ. ಇವಳಿಗೆ ಕೋಪ ಮೂಗಿನ ತುದೀಲಿರುತ್ತೆ, ಬೇಡ ಕಣೋ ಅಂತ."

"ಓಹೋ, ನಿಮಗೂ ಗೊತ್ತಿತ್ತು!"

"ಗೊತ್ತಾಗದೆ ಇರೋಕೆ ನನಗೇನು ಕಣ್ಣಿಲ್ವೇನಮ್ಮ?"

ಕಣ್ಣು ಎಲ್ಲರಿಗೂ ಇತ್ತು. ಕುರುಡಿಯಾದವಳು ಅವಳೊಬ್ಬಳೇ.

ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಬಳಿಯುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಬಣ್ಣದವಳು. ಎರಡು ವರ್ಷದ ಹಿಂದೆ ಸೂರ್ಯ ಹುಟ್ಟುವ ಮೊದಲೇ ಎದ್ದು ನಡೆದು ನಡೆದು, ಸಂಜೆಯ ಟೀ ಜೊತೆ ಬಿಸ್ಕತ್ತು ಬಿಟ್ಟು, ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ಮೈ ಇಳಿಸಿದ್ದಳು. ಹಳೆಯ ಪ್ಯಾಂಟುಗಳೆಲ್ಲ ಗೋಣಿಚೀಲದ ಹಾಗೆ ಜಾರತೊಡಗಿದಾಗ ಈ ಅಂಗಡಿಯ ಮೆಟ್ಟಿಲು ಹತ್ತಿದ್ದಳು.

"ಸಣ್ಣದು ಮಾಡಿಕೊಡಿ" ಅಂದಿದ್ದಳು.

"ಪ್ಯಾಂಟನ್ನೋ, ಬಿಲ್ಲನ್ನೋ?" ಎಂದು ಕೇಳಿ, ತನ್ನ ಜೋಕಿಗೆ ತಾನೇ ನಾಚಿ ಕಿವಿ ಕೆಂಪಗೆ ಮಾಡಿಕೊಂಡಿದ್ದ ಆ ದರ್ಜಿ. ಆ ಕೆಂಪು ಕಿವಿಗೆ ಅವಳು ಮರುಳಾದಳು. ಒಂದು ಪ್ಯಾಂಟಿಗೆ ಮೂರು ಸಲ ಟ್ರಯಲ್ ಬೇಕು ಅಂದ. ಬೇಕಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅಕ್ಕನಿಗಂತೂ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅವಳ ಬಟ್ಟೆಯೆಲ್ಲ ಅವನದೇ ಹೊಲಿಗೆ. ಕೆಲಸದಲ್ಲಿ ಹರಿದದ್ದು, ಗುಂಡಿ ಕಿತ್ತದ್ದು ಎಲ್ಲವೂ ವಾರಕ್ಕೊಮ್ಮೆ ಅವನ ಮೇಜಿಗೆ ಬಂದು, ಇಸ್ತ್ರಿಯಾಗಿ ವಾಪಸಾಗುತ್ತಿತ್ತು. ಮುಂದಿನ ತಿಂಗಳು ಮದುವೆ ಎಂದು ಮಾತೂ ಆಗಿತ್ತು.

ನಡುವೆ ಅವಳ ಕಾಲು ಉಳುಕಿತು. ನಡಿಗೆ ನಿಂತಿತು, ನಿಂತದ್ದು ನಿಂತೇ ಹೋಯಿತು. ಸಂಜೆಗಳಲ್ಲಿ ಇಬ್ಬರೂ ಕೂತು ಕ್ರೀಮ್ ಬನ್ನು ಹಂಚಿಕೊಂಡರು. ಮನೆಯಲ್ಲಿ ತೂಕದ ಮಿಷನ್ ಇರಲಿಲ್ಲ. ಪ್ಯಾಂಟೇ ಅವಳ ತಕ್ಕಡಿ. ಅದು ದಿನಾ ಸಲೀಸಾಗಿ ಮೈಗೇರುತ್ತಿತ್ತು, ಅವಳು ದಿನಾ ನೆಮ್ಮದಿಯಾಗಿದ್ದಳು.

ಈವತ್ತು ಬೆಳಿಗ್ಗೆ ಸುರಕ್ಷತೆಯ ಬೆಲ್ಟಿನ ಕೊಕ್ಕೆ ಕೂಡಲಿಲ್ಲ.

"ಇವತ್ತು ಏನಾಯ್ತು ಅಂತ ಕೇಳಿದ್ಯಲ್ಲ, ಕೇಳಿಸ್ಕೋ" ಎಂದಳು. "ಬೆಲ್ಟ್ ಕೂಡಲಿಲ್ಲ ಅಂತ ಮೇಸ್ತ್ರಿ ಹತ್ರ ಜಗಳ ಆಡ್ದೆ. ಯಾವನೋ ನನ್ನ ಬೆಲ್ಟ್ ಬದಲಾಯಿಸಿದ್ದಾನೆ ಅಂತ ಕೂಗಾಡ್ದೆ. ನನ್ನ ಪ್ಯಾಂಟು ನೋಡ್ರೋ, ಅದೇ ಹಳೇ ಪ್ಯಾಂಟು, ನಾನು ಎಲ್ಲಿ ದಪ್ಪ ಆಗಿದ್ದೀನಿ ಅಂತ ಎಲ್ಲರ ಮುಂದೆ ತಿರುಗಿ ತೋರಿಸ್ದೆ. ತಿರುಗಿ! ಎಲ್ಲ ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಕೊನೆಗೆ ಒಬ್ಳು ಬಟ್ಟೆ ಬದಲಾಯಿಸೋ ಕೋಣೆಗೆ ಕರ್ಕೊಂಡು ಹೋಗಿ ಹೇಳಿದ್ಳು, ಬಿಚ್ಚಿ ಹಿಂದೆ ನೋಡ್ಕೋ ಅಂತ."

ಅವಳು ಪ್ಯಾಂಟನ್ನು ಕಿತ್ತೆತ್ತಿ ಬೆಳಕಿಗೆ ಹಿಡಿದಳು. ಹಿಂಭಾಗದ ನಡುಹೊಲಿಗೆಯ ಎರಡೂ ಪಕ್ಕ, ಮಾಸಿದ ಬಟ್ಟೆಯ ಮಧ್ಯೆ, ಬಿಸಿಲೂ ಬಣ್ಣವೂ ತಾಗದ ಕಡುನೀಲಿ ಪಟ್ಟಿ. ಒಳಗೆ ಮಡಿಚಿಟ್ಟಿದ್ದ ಬಟ್ಟೆ ಸ್ವಲ್ಪ ಸ್ವಲ್ಪವೇ ಹೊರಗೆ ಬಂದಿತ್ತು.

"ಇಡೀ ಸೈಟಿಗೆ ಕಾಣ್ತಿತ್ತು. ನನಗೆ ಮಾತ್ರ ಕಾಣ್ಲಿಲ್ಲ. ನನ್ನ ಬೆನ್ನಿಗೆ ಕಣ್ಣಿಲ್ಲ ಅಂತ ಗೊತ್ತಿದ್ದೇ ಅಲ್ವಾ ಹಿಂದುಗಡೆ ಬಿಚ್ಚಿದ್ದು?"

"ಪ್ರತಿ ಸಲ ಒಂದು ಬೆರಳು ಸಡಿಲ ಬಿಡ್ತಿದ್ದೆ ಅಷ್ಟೇ" ಎಂದ ದರ್ಜಿ ಮೆಲ್ಲಗೆ. "ಕಾಲು ನೋವಲ್ಲಿ ಕೂತಿದ್ದೆ ನೀನು. ಮುಖ ಚಿಕ್ಕದು ಮಾಡ್ಕೋತೀಯ ಅಂತ... ನೋಡೋಕಾಗ್ತಿರ್ಲಿಲ್ಲ ನನಗೆ."

"ನಿನಗೆ ನೋಡೋಕಾಗಲ್ಲ ಅಂತ ನಾನು ಕುರುಡಿ ಆಗ್ಬೇಕಾ?"

"ನೀನು ಹೇಗಿದ್ರೂ ನನಗಿಷ್ಟ ಕಣೇ. ಆಗಲೂ ಇಷ್ಟ, ಈಗಲೂ ಇಷ್ಟ. ದಪ್ಪ, ಸಣ್ಣ ಯಾರಿಗೆ ಬೇಕು?"

"ನನಗೆ ಬೇಕು!" ಅವಳು ಮೇಜಿಗೆ ಗುದ್ದಿದ ಹೊಡೆತಕ್ಕೆ ಕತ್ತರಿ ಹಾರಿ ಬಿತ್ತು. "ಮೈ ನಂದು, ಮಂಡಿ ನಂದು, ಆ ಹಗ್ಗದಲ್ಲಿ ನೇತಾಡೋ ಜೀವ ನಂದು. ಎರಡು ಕೇಜಿ ಏರಿದಾಗ್ಲೇ ಪ್ಯಾಂಟು ಕಚ್ಚಿದ್ರೆ ಅವತ್ತೇ ಎದ್ದು ನಡೀತಿದ್ದೆ. ಈಗ? ಬಣ್ಣದ ಡ್ರಮ್ಮು ತೂಗೋ ಮಿಷನ್ ಮೇಲೆ ನಿಲ್ಲಿಸಿದ ಮೇಸ್ತ್ರಿ. ಹಗ್ಗಕ್ಕೆ ಹತ್ತಿಸಲ್ಲ ಅಂತಿದ್ರಲ್ಲ, ಆ ಹಳೇ ತೂಕಕ್ಕೇ ಬಂದು ನಿಂತಿದ್ದೀನಿ. ನಾಳೆಯಿಂದ ಕೆಳಗೆ ಬ್ರಷ್ ತೊಳೀಬೇಕಂತೆ."

ಅಕ್ಕನ ಕಾಲು ಈಗ ನಿಂತಿತು. "ಅಯ್ಯೋ" ಎಂದಳು, ಈ ಸಲ ತಮಾಷೆಯಿಲ್ಲದೆ.

ಬಣ್ಣದವಳು ಬಿದ್ದ ಕತ್ತರಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ತಪ್ಪೆಲ್ಲ ಇವನದೇ ಅಲ್ಲ ಅಂತ ಅವಳಿಗೆ ಗೊತ್ತು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಧೂಳಿನ ಮೇಲೆ ತಪ್ಪು ಹಾಕಿದವಳು, ಬೆಲ್ಟು ಬಿಗಿಯಾದರೆ ಒಂದೊಂದೇ ತೂತು ಸಡಿಲಿಸಿಕೊಂಡವಳು, ಬನ್ನಿನ ದೊಡ್ಡ ಅರ್ಧವನ್ನೇ ಆರಿಸಿಕೊಂಡವಳು ತಾನೇ. ಆದರೆ ಅನುಮಾನ ಬಂದಾಗಲೆಲ್ಲ ಪ್ಯಾಂಟು ಏರಿಸಿ ನೋಡಿ ಸುಮ್ಮನಾಗಿದ್ದಳಲ್ಲ! ಅದೊಂದು ನಿಜ ಹೇಳುತ್ತದೆ ಅಂತ ನಂಬಿದ್ದಳಲ್ಲ!

"ಮೊದಲ್ನೇ ಸಲ ಇಳಿಸಿದಾಗ ಎಲ್ಲರೂ ಬೆನ್ನು ತಟ್ಟಿದ್ರು" ಎಂದಳು. "ಎರಡ್ನೇ ಸಲ ಶುರು ಮಾಡೋರನ್ನ ನೋಡಿ ಜನ ನಗ್ತಾರೆ. ಆದ್ರೂ ಶುರು ಮಾಡ್ದೆ. ಸೈಟಿಂದ ಇಲ್ಲಿವರೆಗೂ ನಡ್ಕೊಂಡೇ ಬಂದೆ, ಏದುಸಿರು ಬಿಡ್ತಾ."

ದರ್ಜಿಯ ಕಣ್ಣು ತುಂಬಿತು. "ನಾನೂ ಬರ್ತೀನಿ. ನಾಳೆಯಿಂದ ಬೆಳಿಗ್ಗೆ ಜೊತೆಗೆ ನಡೆಯೋಣ. ಬನ್ನೂ ಬೇಡ, ಗಿನ್ನೂ ಬೇಡ. ನೀನು ಹೇಳಿದ ಹಾಗೆ."

ಆ ಮಾತು ಅವಳ ಎದೆಗೆ ತಾಗಿತು. ಹಾಳಾದ ಆ ಕಿವಿಗಳು ಈಗಲೂ ಕೆಂಪಗಾಗಿದ್ದವು. ಅವನ ಕಾಲರಿನ ಸೂಜಿ ಅವನಿಗೇ ಚುಚ್ಚೀತು ಅಂತ ತೆಗೆದಿಡಲು ಕೈ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡಳು.

"ಟೇಪ್ ತಗೋ" ಎಂದಳು.

"ಈಗಾ?"

"ಈಗ್ಲೇ. ಸೊಂಟ ಅಳೆ. ಅಳೆದು ಜೋರಾಗಿ ಹೇಳು. ನಿಜ ಹೇಳಿದ್ರೆ ನಾಳೆ ಬೆಳಿಗ್ಗೆ ನಿನ್ನ ಬಾಗಿಲು ತಟ್ಟಿ ಎಬ್ಬಿಸ್ತೀನಿ. ಅಲ್ಲಿಂದ ಶುರು ಮಾಡೋಣ, ಇಬ್ಬರೂ."

ಅವನು ಟೇಪನ್ನು ಕೊರಳಿಂದ ಇಳಿಸಿ ಹತ್ತಿರ ಬಂದ. ಎರಡೂ ಕೈಯಲ್ಲಿ ಅವಳನ್ನು ಬಳಸಿ, ಹಿಂದಿನಿಂದ ಟೇಪನ್ನು ಮುಂದಕ್ಕೆ ತಂದ. ಸೋಪಿನ, ಇಸ್ತ್ರಿಯ ಬಿಸಿಯ ವಾಸನೆ. ಅವನ ಉಸಿರು ಅವಳ ಭುಜದ ಮೇಲೆ ಒಂದು ಗಳಿಗೆ ನಿಂತಿತು. ಅವಳು ಹೊಟ್ಟೆಯನ್ನು ಒಳಗೆಳೆದುಕೊಳ್ಳಲಿಲ್ಲ. ಇದ್ದದ್ದು ಇದ್ದ ಹಾಗೆ ಬಿಟ್ಟು ನಿಂತಳು. ಆಮೇಲೆ ಕೆಳಗೆ ನೋಡಿದಳು. ಅವನ ಹೆಬ್ಬೆರಳ ಕೆಳಗೆ ಇದ್ದದ್ದು ನಲವತ್ತೊಂದು.

"ಹೇಳು."

ಅವನು ಟೇಪನ್ನು ನೋಡಿದ. ಅವಳ ಮುಖ ನೋಡಿದ. ಆ ಮುಖದಲ್ಲಿ ಅದೇನು ಕಂಡಿತೋ.

"ಮೂವತ್ತೆಂಟು" ಎಂದ. "ಅಂಥದ್ದೇನಿಲ್ಲ ಕಣೇ. ಬರೀ ಮೂವತ್ತೆಂಟು."

ಅಕ್ಕ ತಲೆ ಮೇಲೆ ಕೈಹೊತ್ತಳು. "ಲೋ ಪೆದ್ದ..."

ಬಣ್ಣದವಳು ಕೂಗಲಿಲ್ಲ. ಅಷ್ಟು ಹೊತ್ತು ಕೂಗಿದವಳು ಈಗ ಸುಮ್ಮನೆ ಅವನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. ಟೇಪು ಜಾರಿ ಅವಳ ಪಾದದ ಹತ್ತಿರ ಬಿತ್ತು.

"ನೀನು ಒಳ್ಳೆಯವನು" ಎಂದಳು. "ದೇವರಾಣೆಗೂ ಒಳ್ಳೆಯವನು. ನಿನ್ನ ಜೊತೆ ಇದ್ರೆ ನಾನು ಯಾವತ್ತಾದ್ರೂ ಹಗ್ಗದಿಂದ ಕೆಳಗೆ ಬೀಳ್ತೀನಿ. ಬೀಳೋವರೆಗೂ ನೀನು, ಏನೂ ಆಗಿಲ್ಲ ಕಣೇ, ಅಂತಾನೇ ಇರ್ತೀಯ."

"ತಪ್ಪಾಯ್ತು! ಬಾಯಿ ತಪ್ಪಿ ಬಂತು!"

"ಬಾಯಿ ತಪ್ಪಲಿಲ್ಲ."

ಅವಳು ಹೊಸಿಲು ದಾಟಿದಳು. ಬೀದಿ ಏರುದಾರಿ. ಮೂಲೆಯಲ್ಲಿ ಬಸ್ಸು ನಿಂತಿತ್ತು, ಕಂಡಕ್ಟರ್ "ಬರ್ತೀರಾ?" ಅಂದ. ಕೈಯಾಡಿಸಿ ಬೇಡ ಅಂದು ನಡೆದಳು. ಮಂಡಿ ಚುರುಕ್ ಅಂದಿತು. ಬೆವರು ಬೆನ್ನಿಗಿಳಿಯಿತು.

ಹಿಂದಿನಿಂದ ಅವನು ಓಡಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ನಾಚಿಕೆ ಬಿಟ್ಟು, ಇಡೀ ಬೀದಿ ತಿರುಗಿ ನೋಡುವ ಹಾಗೆ ಕೂಗಿದ. "ನಲವತ್ತೊಂದು! ನಲವತ್ತೊಂದು ಕಣೇ! ಕೇಳಿಸ್ತಾ? ನಲವತ್ತೊಂದು!"

ಕೇಳಿಸಿತು. ಅಳು ಒತ್ತಿ ಬಂತು, ಅದರ ಜೊತೆಗೇ ಏದುಸಿರೂ ಬಂತು. ಒಂದು ಲೈಟ್ ಕಂಬ ಹಿಡಿದು ನಿಂತು, ಉಸಿರು ಹದಕ್ಕೆ ಬರುವ ತನಕ ಕಾದಳು. ಆಮೇಲೆ ಏರು ಹತ್ತತೊಡಗಿದಳು.

ಆ ಅಂಗಡಿಗೆ ಅವಳು ಮತ್ತೆ ಹೋಗಲಿಲ್ಲ.